ಚರ್ಮದಡಿಗೆ ಚುಚ್ಚುಮದ್ದು: ಚರ್ಮದ ಮಡಿಕೆ ಹಿಡಿಯುವ ಬಗೆ

ದಾವಣಗೆರೆಯ ಆಸ್ಪತ್ರೆಗಳಿಗೆ ತರಬೇತಿಗೆಂದು ಬರುವ ನರ್ಸಿಂಗ್ ವಿದ್ಯಾರ್ಥಿಗಳು ಸೂಜಿಗೆ ಅಂಜುವುದಿಲ್ಲ. ಅವರು ಎಡವುವುದು ಚರ್ಮವನ್ನು ಮಡಿಕೆಯಾಗಿ ಎತ್ತಿ ಹಿಡಿಯುವಲ್ಲಿ. ಇನ್ಸುಲಿನ್ ಆಗಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಆಗಲಿ, ಸೇರಬೇಕಾದುದು ಚರ್ಮಕ್ಕೂ ಸ್ನಾಯುವಿಗೂ ನಡುವಣ ಕೊಬ್ಬಿನ ಪದರಕ್ಕೆ. ಇನ್ಸುಲಿನ್ ಸ್ನಾಯುವಿಗೆ ಇಳಿದರೆ ಬೇಗನೆ ರಕ್ತಕ್ಕೆ ಸೇರಿ ಅಲ್ಲಿನ ಸಕ್ಕರೆ ದಿಢೀರನೆ ಕುಸಿಯಬಹುದು.

ರೋಗಿಯ ಹೆಸರು, ವೈದ್ಯರು ಬರೆದ ಪ್ರಮಾಣ, ಔಷಧಿಯ ಅವಧಿ ಮುಗಿಯುವ ದಿನ ನೋಡಿಕೊಂಡು ಕೈ ತೊಳೆಯಿರಿ. ಇನ್ಸುಲಿನ್ ಸೀಸೆಯ ಮೇಲೆ 40 (ಅಂದರೆ ಒಂದು ಮಿ.ಲೀ.ಗೆ 40 ಯೂನಿಟ್) ಎಂದಿದ್ದರೆ ಸಿರಿಂಜೂ 40ರದ್ದೇ ಆಗಿರಬೇಕು. ಆ ಔಷಧಿಯನ್ನು 100ರ ಸಿರಿಂಜಿನಲ್ಲಿ ಅಳೆದರೆ ರೋಗಿಗೆ ಸಿಗುವುದು ಐದರಲ್ಲಿ ಎರಡು ಪಾಲು ಮಾತ್ರ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಅಳೆದರೆ ಎರಡೂವರೆ ಪಟ್ಟು ಹೋಗುತ್ತದೆ. 40ಕ್ಕೆ ಕೆಂಪು, 100ಕ್ಕೆ ಕಿತ್ತಳೆ ಮುಚ್ಚಳ ಎಂಬ ರೂಢಿಯನ್ನಷ್ಟೇ ನಂಬದೆ ಸಿರಿಂಜಿನ ಮೇಲಿನ ಅಂಕಿಯನ್ನು ಓದಿರಿ.

ಜಾಗ ಆರಿಸುವಾಗ ಹೊಕ್ಕುಳಿನಿಂದ 5 ಸೆಂ.ಮೀ. ಬಿಟ್ಟು ಹೊಟ್ಟೆಯ ಭಾಗವನ್ನೇ ನೋಡಿ. ಮನೆಯಲ್ಲಿ ತಾವೇ ಚುಚ್ಚಿಕೊಳ್ಳುವವರಿಗೆ ತೋಳು ಬೇಡವೇ ಬೇಡ, ಏಕೆಂದರೆ ಅಲ್ಲಿ ಮಡಿಕೆ ಹಿಡಿಯಲು ಇನ್ನೊಂದು ಕೈ ಉಳಿಯುವುದಿಲ್ಲ. ಬೆರಳಾಡಿಸಿ ನೋಡಿದಾಗ ಗಂಟು ಸಿಕ್ಕರೆ ಆ ಜಾಗವನ್ನು ಬಿಡಿ. ಅಲ್ಲಿ ನೋವು ಕಡಿಮೆಯೆಂದು ರೋಗಿಗಳೇ ಒತ್ತಾಯಿಸುವುದುಂಟು, ಆದರೆ ಗಂಟಿನೊಳಗಿನ ಇನ್ಸುಲಿನ್ ಒಮ್ಮೆ ರಕ್ತಕ್ಕೆ ಸೇರಿದಂತೆ ಇನ್ನೊಮ್ಮೆ ಸೇರುವುದಿಲ್ಲ. ಡಬ್ಬಿಯಲ್ಲಿ ಸ್ಪಿರಿಟ್ ಸುರಿದು ಹತ್ತಿಯನ್ನು ನೆನೆಹಾಕಿಡುವ ಸುಲಭೋಪಾಯ ಕೆಟ್ಟದ್ದು, ಆ ಹತ್ತಿಯಲ್ಲೇ ಸೋಂಕು ಸೇರುತ್ತದೆ. ಚುಚ್ಚುವ ಹೊತ್ತಿಗೇ ಹತ್ತಿಯನ್ನು ಒದ್ದೆ ಮಾಡಿ ಒರೆಸಿ, ಪೂರ್ತಿ ಆರಲು ಬಿಡಿ.

ಇನ್ನು ಮಡಿಕೆ. ರೊಟ್ಟಿ ಹಿಟ್ಟನ್ನು ಹಿಡಿದಂತೆ ಅಂಗೈ ತುಂಬ ಹಿಡಿದರೆ ಕೊಬ್ಬಿನೊಡನೆ ಸ್ನಾಯುವೂ ಮೇಲೆದ್ದು ಬರುತ್ತದೆ. ಹೆಬ್ಬೆರಳು, ತೋರುಬೆರಳು, ಬೇಕಾದರೆ ನಡುಬೆರಳು, ಇಷ್ಟರಿಂದಲೇ ಮೆಲ್ಲಗೆ ಎತ್ತಬೇಕು. ಚರ್ಮ ಬಿಳಿಚುವಷ್ಟು ಅಥವಾ ರೋಗಿಗೆ ನೋಯುವಷ್ಟು ಹಿಂಡಬಾರದು. ಬೆರಳುಗಳ ನಡುವೆ 5 ಸೆಂ.ಮೀ. ಮಡಿಕೆ ಸಿಕ್ಕರೆ ನೇರವಾಗಿ, 2.5 ಸೆಂ.ಮೀ. ಮಾತ್ರ ಸಿಕ್ಕರೆ 45 ಡಿಗ್ರಿ ಓರೆಯಾಗಿ ಚುಚ್ಚಿ. ಇನ್ಸುಲಿನ್ ಪೆನ್ನಿನ (ಪೆನ್ನಿನಾಕಾರದ ಚುಚ್ಚುಸಾಧನದ) 4 ಮಿ.ಮೀ. ಸೂಜಿಯಾದರೆ ಹೆಚ್ಚಿನ ವಯಸ್ಕರಿಗೆ ಮಡಿಕೆಯೇ ಬೇಕಿಲ್ಲ, ನೇರವಾಗಿ ಚುಚ್ಚಿದರೆ ಸಾಕು.

ರಕ್ತ ಬರುವುದೇ ಎಂದು ಸಿರಿಂಜಿನ ದಂಡವನ್ನು ಹಿಂದಕ್ಕೆ ಎಳೆದು ನೋಡುವ ಅಗತ್ಯವಿಲ್ಲ. ನಿಧಾನವಾಗಿ ಒತ್ತಿ, ಪೆನ್ನಾದರೆ ಹತ್ತು ಎಣಿಸಿ, ಚುಚ್ಚಿದ ಕೋನದಲ್ಲೇ ಸೂಜಿಯನ್ನು ಹೊರತೆಗೆದ ಮೇಲೆಯೇ ಮಡಿಕೆಯನ್ನು ಬಿಡಿ. ಉಜ್ಜಬೇಡಿ, ಹೆಪಾರಿನ್ ಕೊಟ್ಟಾಗ ಉಜ್ಜಿದರೆ ಅಲ್ಲಿ ರಕ್ತ ಕಟ್ಟಿ ನೀಲಿಗಟ್ಟುತ್ತದೆ.

ವಾರ್ಡಿನಲ್ಲಿ ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಕೂಡಲೇ ಹಾಕಿ. ಮನೆಯವರು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ತಂದೊಪ್ಪಿಸಬೇಕೇ ಹೊರತು ಕಸದ ಗಾಡಿಗೆ ಹಾಕಬಾರದು.