ಇಂಡಿಗೋ ಪಿ.ಇ.: ನಾನೇ ಲೆಕ್ಕ ಹಾಕಿದಾಗ ಕಂಡದ್ದು

ವಿಮಾನ ಕಂಪನಿ ಇಂಡಿಗೋದ ಷೇರಿನ ಪಿ.ಇ. ಅನುಪಾತದ (ಷೇರಿನ ಬೆಲೆ ಅದರ ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಎನ್ನುವ ಅಂಕಿ) ರೇಖೆಯನ್ನು ಮೊದಲ ಸಲ ನೋಡಿದಾಗ ನನಗೆ ತಲೆಬುಡ ತಿಳಿಯಲಿಲ್ಲ. 2019ರಲ್ಲಿ ಅದು ಗೋಡೆಯಂತೆ ಮೇಲೆದ್ದು, ಆಮೇಲೆ ವರ್ಷಗಟ್ಟಲೆ ಕಾಣೆಯಾಗಿತ್ತು. ನೋಟ್‌ಬುಕ್ಕಿನಲ್ಲಿ ವರ್ಷಕ್ಕೊಂದು ಚೌಕದ ಮನೆ ಎಳೆದು ನಾನೇ ಲೆಕ್ಕಕ್ಕೆ ಕುಳಿತೆ. ವಾರ್ಷಿಕ ವರದಿಯ ನಿವ್ವಳ ಲಾಭವನ್ನು ಸುಮಾರು 38.5 ಕೋಟಿ ಷೇರುಗಳಿಗೆ ಹಂಚುವುದು, ಮಾರ್ಚ್ ಕೊನೆಯ ಬೆಲೆಯನ್ನು ಅದರಿಂದ ಭಾಗಿಸುವುದು, ಇಷ್ಟೇ ಕೆಲಸ.

2017–18ರಲ್ಲಿ ಲಾಭ 2,242 ಕೋಟಿ ರೂಪಾಯಿ. ಷೇರಿಗೆ 58 ರೂಪಾಯಿ ಗಳಿಕೆ, ಬೆಲೆ 1,300ರ ಆಸುಪಾಸು, ಪಿ.ಇ. 22. ಮರುವರ್ಷ ಇಂಧನ ತುಟ್ಟಿಯಾಯಿತು, ರೂಪಾಯಿ ಕುಸಿಯಿತು. ವಿಮಾನಗಳ ಬಾಡಿಗೆಯನ್ನು ಡಾಲರಿನಲ್ಲಿ ಕಟ್ಟುವವರಿಗೆ ಇದು ಎರಡೂ ಕಡೆಯ ಪೆಟ್ಟು. ಲಾಭ 157 ಕೋಟಿಗೆ ಬಿತ್ತು, ಷೇರಿಗೆ ಬರೀ ನಾಲ್ಕು ರೂಪಾಯಿ. ಬೆಲೆ ಮಾತ್ರ 1,400ರ ಹತ್ತಿರವೇ ಇತ್ತು. ಭಾಗಿಸಿದರೆ ಸುಮಾರು 340! ಬೆಲೆ ಏರಿದ್ದರಿಂದ ಬಂದ ಅಂಕಿಯಲ್ಲ ಅದು, ಛೇದ, ಅಂದರೆ ಗಳಿಕೆ, ಕರಗಿದ್ದರಿಂದ ಬಂದದ್ದು.

ಮುಂದಿನ ನಾಲ್ಕು ಮನೆಗಳು ಖಾಲಿ. ನಷ್ಟದ ವರ್ಷಕ್ಕೆ ಪಿ.ಇ. ಇಲ್ಲ. (ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸುವವರೆಗೆ ಒಂದು ವರ್ಷವೂ ಲಾಭ ಕಾಣಲಿಲ್ಲ, ಅದರ ಸಾಲಿನಲ್ಲಿ ಬರೆಯಲು ಏನೂ ಸಿಗದು.) ಆ ಖಾಲಿ ಮನೆಗಳ ಪಕ್ಕದ ಲಾಭ–ನಷ್ಟವನ್ನು ಕೂಡಿ ನೋಡಿದಾಗ ಬೆಚ್ಚಿದೆ. 2015–16ರಿಂದ ನಾಲ್ಕು ವರ್ಷ ಗಳಿಸಿದ್ದು ಸುಮಾರು 6,040 ಕೋಟಿ. ನಂತರದ ಎರಡೇ ವರ್ಷಗಳ ನಷ್ಟವೂ ಹೆಚ್ಚುಕಡಿಮೆ ಅಷ್ಟೇ. ಆರು ವರ್ಷದ ಉಳಿಕೆ ಸೊನ್ನೆ.

2023–24ರಲ್ಲಿ 8,172 ಕೋಟಿ ಲಾಭ ಬಂದು ಪಿ.ಇ. 17ಕ್ಕೆ ಇಳಿದಾಗ ಅಗ್ಗವೆನ್ನುವ ಮಾತು ಎಲ್ಲೆಡೆ ಕೇಳಿಬಂತು. ನಾನು ತೆರಿಗೆಯ ಸಾಲು ನೋಡಿದೆ. ಹಳೆಯ ನಷ್ಟಗಳನ್ನು ಹೊಸ ಲಾಭದಲ್ಲಿ ಕಳೆದು ತೆರಿಗೆ ಲೆಕ್ಕ ಹಾಕುವುದರಿಂದ ಆ ವರ್ಷ ತೆರಿಗೆಯ ಹೊರೆಯೇ ಇರಲಿಲ್ಲ. ಮಾಮೂಲಿನಂತೆ ಶೇ 25ರಷ್ಟು ತೆರಿಗೆ ಕಳೆದರೆ ಅದೇ ಪಿ.ಇ. 22 ದಾಟುತ್ತದೆ.

ಈಗ ಪ್ರತಿ ವರ್ಷ ಎರಡು ಪಿ.ಇ. ಬರೆಯುತ್ತೇನೆ: ಆ ವರ್ಷದ ಲಾಭದ್ದೊಂದು, ಹತ್ತು ವರ್ಷದ ಸರಾಸರಿ ಲಾಭದ್ದೊಂದು. ಕೋವಿಡ್ ವರ್ಷಗಳನ್ನು ಬಿಡಬೇಕೆನ್ನುವವರಿದ್ದಾರೆ. ನಾನು ಬಿಡುವುದಿಲ್ಲ, ಆ ನಷ್ಟವನ್ನು ಹೊತ್ತವರೂ ಷೇರುದಾರರೇ. 2025ರ ಮಾರ್ಚ್ ಸಾಲಿನಲ್ಲಿ ಮೊದಲನೆಯದು 27, ಎರಡನೆಯದು 220ರ ಹತ್ತಿರ.