ಕ್ಯೂಜಿಐಎಸ್‌ನಲ್ಲಿ ಹೊಲದ ವಿಸ್ತೀರ್ಣ ಅಳೆಯುವುದು ಹೇಗೆ?

ಕ್ಯೂಜಿಐಎಸ್ ನಕ್ಷೆ ಮಾಡುವ ಉಚಿತ ತಂತ್ರಾಂಶ (ಜಿಐಎಸ್). ಅದಕ್ಕೆ ಹೊಲದ ಪ್ರತಿ ಮೂಲೆಯೂ ಎರಡು ಅಂಕಿ: ರೇಖಾಂಶ, ಅಕ್ಷಾಂಶ. ಬದುವಿನ ಗುಂಟ ಸುತ್ತುತ್ತ ಮೊಬೈಲ್ ಜಿಪಿಎಸ್‌ನಲ್ಲಿ ಮೂಲೆಗಳನ್ನು ಗುರುತಿಸಿ, ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ) ಮಾಡಿ, ‘ಡಿಲಿಮಿಟೆಡ್ ಟೆಕ್ಸ್ಟ್’ ಲೇಯರ್ ಆಗಿ ಸೇರಿಸಿ. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಅದಲುಬದಲಾದರೆ ಮೈಸೂರಿನ ಹೊಲ (ಅಕ್ಷಾಂಶ 12.3, ರೇಖಾಂಶ 76.6) ಆರ್ಕ್‌ಟಿಕ್‌ನ ಸ್ವಾಲ್‌ಬಾರ್ಡ್ ಬಳಿ ಸಮುದ್ರಕ್ಕೆ ಬೀಳುತ್ತದೆ. ಬಿಂದುಗಳನ್ನು ಹಿಡಿದು ಪಾಲಿಗನ್ (ಹೊಲದ ಮುಚ್ಚಿದ ಆಕಾರ) ಎಳೆಯಿರಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಜಿಪಿಎಸ್ ಅಂಕಿಗಳು ಡಿಗ್ರಿಯಲ್ಲಿರುತ್ತವೆ (ಆ ನಿರ್ದೇಶಾಂಕ ಪದ್ಧತಿಯ ಸಂಖ್ಯೆ ಇಪಿಎಸ್‌ಜಿ 4326). ಲೇಯರನ್ನು ಮೀಟರ್ ಪದ್ಧತಿಯಾದ ಇಪಿಎಸ್‌ಜಿ 32643ಕ್ಕೆ ‘ಎಕ್ಸ್‌ಪೋರ್ಟ್’ ಮಾಡಿದರೆ ಅವು ಮೀಟರ್ ಆಗುತ್ತವೆ. 78 ಡಿಗ್ರಿ ರೇಖಾಂಶಕ್ಕೆ ಪೂರ್ವದಲ್ಲಿರುವ ಕೋಲಾರಕ್ಕೆ 32644. ಆದರೆ ‘ಸೆಟ್ ಲೇಯರ್ ಸಿಆರ್‌ಎಸ್’ (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ಪದ್ಧತಿ) ಒತ್ತಬೇಡಿ. ಅದು ಬದಲಿಸುವುದು ಹೆಸರಿನ ಚೀಟಿಯನ್ನು, ಅಂಕಿಗಳನ್ನಲ್ಲ.

ಕ್ಯೂಜಿಐಎಸ್‌ನ ಲೆಕ್ಕದ ಸಾಧನವಾದ ‘ಫೀಲ್ಡ್ ಕ್ಯಾಲ್ಕುಲೇಟರ್’ನಲ್ಲಿ ಪಾಲಿಗನ್‌ನ ವಿಸ್ತೀರ್ಣ ತೆಗೆಯಿರಿ. ಅದು ಕೊಟ್ಟ ಚದರ ಮೀಟರನ್ನು 101.17ರಿಂದ ಭಾಗಿಸಿದರೆ ಗುಂಟೆ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ, ಮರದಡಿ ಇನ್ನೂ ಹೆಚ್ಚು. ಬದುವಿನ ತಕರಾರಿದ್ದರೆ ಸರ್ವೆಯರನ್ನೇ ಕರೆಸಿ.