ಹಾಸ್ಯದ ರೆಕಾರ್ಡಿಂಗ್ ಕೊಳ್ಳುವ ಮುನ್ನ ಕಣ್ಣು ಮುಚ್ಚಿ ಕೇಳಿ

ಸ್ಟ್ಯಾಂಡಪ್ ಕಾಮಿಡಿಯ ರೆಕಾರ್ಡಿಂಗಿಗೆ ಹಣ ಕೊಡುವ ಮೊದಲು ಆ ಕಲಾವಿದರ ಹತ್ತು ನಿಮಿಷದ ತುಣುಕೊಂದನ್ನು ಪರದೆ ನೋಡದೆ, ಕಿವಿಯಿಂದಷ್ಟೇ ಕೇಳಿ; ಆಗಲೂ ನಗು ಬಂದರೆ ಕೊಳ್ಳಬಹುದು, ಬಾರದಿದ್ದರೆ ಆ ಹಣವನ್ನು ನೇರ ಪ್ರದರ್ಶನದ ಟಿಕೆಟ್ಟಿಗೆ ಉಳಿಸಿಕೊಳ್ಳುವುದು ಲೇಸು. ಮಾತಿನ ಕಟ್ಟು, ಕಥೆ ಬೆಳೆಯುವ ಬಗೆ, ಸರಿಯಾದ ಜಾಗದಲ್ಲಿ ಬರುವ ವಿರಾಮ ಇವೆಲ್ಲ ಧ್ವನಿಯಲ್ಲಿ ಉಳಿಯುತ್ತವೆ. ಆದರೆ ಮುಂದಿನ ಸಾಲಿನವರನ್ನು ಮಾತಿಗೆಳೆದು ಅಲ್ಲಿಯೇ ಹುಟ್ಟಿಸಿದ ತಮಾಷೆ ಮತ್ತು ತುಂಬಿದ ಸಭೆಯಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬುವ ನಗು ಮನೆಯ ಸೋಫಾದವರೆಗೆ ಬರುವುದಿಲ್ಲ. ಗಂಗಾವತಿ ಪ್ರಾಣೇಶ್ ಅವರ ಉತ್ತರ ಕರ್ನಾಟಕದ ಮಾತು, ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡು ಕೇಳಿದರೂ ಸೊರಗದಿರುವುದು ಅದರ ಕಟ್ಟು ಧ್ವನಿಯಲ್ಲೇ ಉಳಿಯುವ ಕಾರಣಕ್ಕೆ. ಅಂಗಚೇಷ್ಟೆ, ಮುಖಭಾವಗಳನ್ನೇ ನೆಚ್ಚಿದವರ ವಿಷಯದಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಅಂಥವರ ರೆಕಾರ್ಡಿಂಗನ್ನು ನೋಡಿಯೇ ತೀರ್ಮಾನಿಸಬೇಕು. ತುಣುಕು ಆರಿಸುವಾಗಲೂ ಎಚ್ಚರ ಬೇಕು: ಬರೆದು ಸಿದ್ಧಪಡಿಸಿದ ಹಾಸ್ಯ ಟಿಕೆಟ್ ಪ್ರದರ್ಶನಕ್ಕೆ ಮುಂಚೆಯೇ ಹಳತಾಗದಿರಲೆಂದು ಹಲವರು ಯೂಟ್ಯೂಬಿಗೆ ಪ್ರೇಕ್ಷಕರೊಂದಿಗಿನ ಹರಟೆಯನ್ನಷ್ಟೇ ಹಾಕುತ್ತಾರೆ (ಜಾಣತನವೇ ಸರಿ), ಆದ್ದರಿಂದ ಅದನ್ನು ಕೇಳಿ ಇಡೀ ಕಾರ್ಯಕ್ರಮವನ್ನು ಅಳೆಯಲಾಗದು. ರೆಕಾರ್ಡಿಂಗ್, ನೇರ ಪ್ರದರ್ಶನ ಎರಡನ್ನೂ ಬಯಸುವವರು ಮೊದಲು ನೇರ ಪ್ರದರ್ಶನವನ್ನೇ ನೋಡುವುದು ಒಳಿತು, ಏಕೆಂದರೆ ಜೋಕಿನ ಕೊನೆಯ ತಿರುವು ಮುಂಚೆಯೇ ಗೊತ್ತಿದ್ದರೆ ಟಿಕೆಟ್ಟಿಗೆ ಕೊಟ್ಟ ಹಣದ ಅರ್ಧ ಸುಖ ಹೋದಂತೆಯೇ.